ವಂಶವೃಕ್ಷದಲ್ಲಿ ಇಲ್ಲದ ಕಾಲಂ

2023ರ ಮೇ 10, ಬುಧವಾರ. ಕರ್ನಾಟಕ ಓಟು ಹಾಕ್ತಾ ಇತ್ತು. ಕಳಸ, ಮೂಡಿಗೆರೆ, ಬಣಕಲ್ ಕಡೆ ಸರ್ಕಾರಿ ಶಾಲೆಗಳ ಮುಂದೆ ಬೆಳಗ್ಗೆಯಿಂದ ಕ್ಯೂ. ನಮ್ಮ ಸ್ಟುಡಿಯೋಗಳಲ್ಲಿ ಒಂದೇ ಪ್ರಶ್ನೆ: ಯಾರು ಗೆಲ್ತಾರೆ, ಎಷ್ಟು ಸೀಟು. ಅದೇ ದಿನ, ಅದೇ ಹೊತ್ತಿಗೆ, ದೆಹಲಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಸಲಿಂಗ ವಿವಾಹದ ಅರ್ಜಿಗಳನ್ನು ವಿಚಾರಣೆ ಮಾಡ್ತಾ ಇತ್ತು. ಕೇಂದ್ರ ಸರ್ಕಾರ ಅವತ್ತು ಕೋರ್ಟಿಗೆ ಒಂದು ಲೆಕ್ಕ ಕೊಟ್ಟಿತು. ಈ ವಿಷಯದಲ್ಲಿ ನಿಮ್ಮ ಅಭಿಪ್ರಾಯ ಏನು ಅಂತ ರಾಜ್ಯಗಳಿಗೆ ಪತ್ರ ಬರೆದಿದ್ದೆವು, ಏಳು ರಾಜ್ಯಗಳಿಂದ ಉತ್ತರ ಬಂದಿದೆ ಅಂತ. ರಾಜಸ್ಥಾನ, ಆಂಧ್ರಪ್ರದೇಶ, ಅಸ್ಸಾಂ ಬೇಡ ಅಂದಿದ್ದವು. ಮಹಾರಾಷ್ಟ್ರ, ಉತ್ತರ ಪ್ರದೇಶ, ಮಣಿಪುರ, ಸಿಕ್ಕಿಂ ಇನ್ನಷ್ಟು ಸಮಯ ಕೊಡಿ ಅಂದಿದ್ದವು.

ಆ ಮೂರು "ಬೇಡ"ಗಳನ್ನು ಸ್ವಲ್ಪ ಗಮನಿಸಿ. ಆಗ ರಾಜಸ್ಥಾನದಲ್ಲಿ ಇದ್ದದ್ದು ಕಾಂಗ್ರೆಸ್, ಆಂಧ್ರದಲ್ಲಿ ವೈಎಸ್ಆರ್ ಕಾಂಗ್ರೆಸ್, ಅಸ್ಸಾಂನಲ್ಲಿ ಬಿಜೆಪಿ. ಮೂರು ಪಕ್ಷ, ಒಂದೇ ಉತ್ತರ. ಕರ್ನಾಟಕ ಆ ಏಳರ ಪಟ್ಟಿಯಲ್ಲೇ ಇರಲಿಲ್ಲ. ಇಲ್ಲಿ ಚುನಾವಣೆ ನಡೀತಾ ಇತ್ತಲ್ಲ, ಅಂತೀರಾ? ಹೌದು, ನಡೀತಾ ಇತ್ತು. ವಿಷಯ ಇರೋದೇ ಅಲ್ಲಿ. ಒಂದು ರಾಜ್ಯದ ಅಭಿಪ್ರಾಯ ಅಂದ್ರೆ ಅದು ಓಟಿನಿಂದ ಹುಟ್ಟಬೇಕು. ಆ ದಿನವೇ ನಾವು ಕೋಟಿಗಟ್ಟಲೆ ಜನ ಓಟು ಹಾಕಿದೆವು. ಆ ಓಟಿನಲ್ಲಿ ಈ ಪ್ರಶ್ನೆ ಎಲ್ಲೂ ಇರಲಿಲ್ಲ.

ನಾನು ಈ ಮಾತನ್ನು ಚಿಕ್ಕಮಗಳೂರಿನ ಕಾಫಿ ಬೆಟ್ಟಗಳಲ್ಲಿಟ್ಟು ನೋಡೋದಕ್ಕೆ ಕಾರಣ ಇದೆ. ನಂಬಿಕೆ ಓಟಾಗೋದನ್ನು ಈ ಜಿಲ್ಲೆಗೆ ಯಾರೂ ಹೇಳಿಕೊಡಬೇಕಿಲ್ಲ. ಪ್ರತಿ ಡಿಸೆಂಬರ್‌ನಲ್ಲಿ ದತ್ತ ಜಯಂತಿ ಬಂತು ಅಂದರೆ ನಾವು ಚಾನೆಲ್‌ನವರೆಲ್ಲ ಬಾಬಾಬುಡನ್‌ಗಿರಿ ರಸ್ತೆಗೆ ಓಬಿ ವ್ಯಾನ್ ಕಳಿಸ್ತೀವಿ. ಅಲ್ಲಿ ಪೀಠ ಯಾರದ್ದು, ದರ್ಗಾ ಯಾರದ್ದು ಅನ್ನೋ ಪ್ರಶ್ನೆ ಹಲವು ಚುನಾವಣೆಗಳ ಭಾಷಣಕ್ಕೆ ಆಹಾರವಾಗಿದೆ. ಒಂದೊಂದು ಓಟಿನ ಬೆಲೆಯೂ ಈ ಜಿಲ್ಲೆಗೆ ಗೊತ್ತು. 2023ರ ಅದೇ ಚುನಾವಣೆಯಲ್ಲಿ ಮೂಡಿಗೆರೆಯಲ್ಲಿ ಗೆದ್ದವರಿಗೂ ಸೋತವರಿಗೂ ನಡುವೆ ಇದ್ದ ಅಂತರ 722 ಓಟು. ಪಕ್ಕದ ಶೃಂಗೇರಿಯಲ್ಲಿ ಘೋಷಣೆಯಾದ ಅಂತರ 201. ಒಂದು ದೊಡ್ಡ ಎಸ್ಟೇಟಿನ ಲೈನ್ ಮನೆಗಳವರೆಲ್ಲ ಸೇರಿ ಮನಸ್ಸು ಮಾಡಿದರೆ ಶೃಂಗೇರಿಯ ಫಲಿತಾಂಶ ಬದಲಾಗ್ತಾ ಇತ್ತು.

ಮೊದಲು ಕೋರ್ಟ್ ಏನು ಹೇಳ್ತು ಅನ್ನೋದನ್ನು ಸರಳವಾಗಿ ನೋಡೋಣ. ತೀರ್ಪು ಬಂದದ್ದು 2023ರ ಅಕ್ಟೋಬರ್ 17ಕ್ಕೆ. ಅರ್ಜಿದಾರರಲ್ಲಿ ನಮ್ಮ ಬೆಂಗಳೂರಿನ ಅಕ್ಕೈ ಪದ್ಮಶಾಲಿ ಕೂಡ ಒಬ್ಬರು. ಮದುವೆ ಆಗೋದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕು ಅಲ್ಲ, 1954ರ ವಿಶೇಷ ವಿವಾಹ ಕಾಯ್ದೆಯನ್ನು ನಾವು ತಿದ್ದಿ ಬರೆಯೋಕಾಗಲ್ಲ ಅಂತ ಐವರೂ ಹೇಳಿದರು. ಮದುವೆ ಅಂತ ಕರೆಯದೇ ಇದ್ದರೂ ಒಂದು ಕಾನೂನುಬದ್ಧ ಜೊತೆಯಾಗಿ ಮಾನ್ಯತೆ ಕೊಡಬೇಕಾ ಅನ್ನೋ ಪ್ರಶ್ನೆಗೆ ಪೀಠ ಒಡೆಯಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಕೊಡಬೇಕು ಅಂದರು. ಉಳಿದ ಮೂವರು, ಅಂದರೆ ರವೀಂದ್ರ ಭಟ್, ಹಿಮಾ ಕೊಹ್ಲಿ, ನರಸಿಂಹ, ಅದು ಶಾಸಕಾಂಗದ ಕೆಲಸ ಅಂದರು. 3-2. ಬಹುಮತದ ಪ್ರಮುಖ ತೀರ್ಪು ಬರೆದ ರವೀಂದ್ರ ಭಟ್ ಹುಟ್ಟಿದ್ದು ಮೈಸೂರಿನಲ್ಲಿ. ಮರುಪರಿಶೀಲನೆ ಅರ್ಜಿಗಳೂ 2025ರ ಜನವರಿ 9ರಂದು ವಜಾ ಆದವು. ಆ ಬಾಗಿಲು ಸದ್ಯಕ್ಕೆ ಮುಚ್ಚಿದೆ.

ಹಾಗಾದ್ರೆ ತೆರೆದಿರೋ ಬಾಗಿಲು ಯಾವುದು? ಶಾಸಕಾಂಗ. ಶಾಸಕಾಂಗಕ್ಕೆ ಜನರನ್ನು ಕಳಿಸೋದು ಯಾರು? ಕಳಸದ ಬೂತಿನ ಮುಂದೆ ನಿಂತವರು. ಕೋರ್ಟ್ ಹೇಳಿದ್ದು ಕಾನೂನಿನ ಭಾಷೆಯಲ್ಲಿ, ಅದರ ಅರ್ಥ ಇಷ್ಟೇ: ಈ ಪ್ರಶ್ನೆ ಈಗ ಮತದಾರನ ಮನೆ ಬಾಗಿಲಿಗೆ ಬಂದಿದೆ. ಆದರೆ ಅದನ್ನು ತಂದು ಕೊಡೋಕೆ ಯಾರೂ ಬಂದಿಲ್ಲ.

"ಅದೆಲ್ಲ ದೆಹಲಿ ವ್ಯವಹಾರ, ಎಂಪಿಗಳು ನೋಡಿಕೊಳ್ತಾರೆ" ಅನ್ನೋ ಮಾತಿದೆಯಲ್ಲ, ಅದು ಅರ್ಧ ಸರಿ. ಪಾರ್ಲಿಮೆಂಟಿನಲ್ಲಿ ಸುಪ್ರಿಯಾ ಸುಳೆ 2022ರಲ್ಲಿ ಒಂದು ಖಾಸಗಿ ಮಸೂದೆ ಮಂಡಿಸಿದ್ದರು, ವಿಶೇಷ ವಿವಾಹ ಕಾಯ್ದೆಯನ್ನು ಸಲಿಂಗ ಜೋಡಿಗಳಿಗೂ ವಿಸ್ತರಿಸೋದಕ್ಕೆ. ಖಾಸಗಿ ಮಸೂದೆಯೊಂದು ಎರಡೂ ಸದನ ದಾಟಿ ಕಾಯ್ದೆಯಾದ ಕೊನೆಯ ವರ್ಷ 1970. ಆ ದಾರಿಯ ಗತಿ ಏನು ಅಂತ ನಿಮಗೇ ಅರ್ಥವಾಗುತ್ತೆ. ಆದರೆ ಮದುವೆ, ವಿಚ್ಛೇದನ, ಉತ್ತರಾಧಿಕಾರ ಇವೆಲ್ಲ ಸಂವಿಧಾನದ ಸಮವರ್ತಿ ಪಟ್ಟಿಯಲ್ಲಿವೆ. ಅಂದ್ರೆ ಕೇಂದ್ರವೂ ಕಾನೂನು ಮಾಡಬಹುದು, ರಾಜ್ಯವೂ ಮಾಡಬಹುದು, ಕೇಂದ್ರದ ಕಾಯ್ದೆಗೆ ಡಿಕ್ಕಿ ಹೊಡೆದರೆ ರಾಷ್ಟ್ರಪತಿ ಒಪ್ಪಿಗೆ ಬೇಕು. ಇದು ಪುಸ್ತಕದ ಬದನೆಕಾಯಿ ಅಲ್ಲ. ಇದಕ್ಕೆ ನಮ್ಮ ಪಕ್ಕದಲ್ಲೇ ಉದಾಹರಣೆ ಇದೆ.

ತಮಿಳುನಾಡಿನಲ್ಲಿ ಪೆರಿಯಾರ್ ಚಳವಳಿಯವರು ಪುರೋಹಿತರಿಲ್ಲದೆ, ಮಂತ್ರವಿಲ್ಲದೆ ಮದುವೆ ಆಗ್ತಾ ಇದ್ದರು. ಸ್ವಾಭಿಮಾನ ಮದುವೆ ಅಂತ ಹೆಸರು. ಮದುವೆ ಏನೋ ಆಯ್ತು, ಆದರೆ ಹಿಂದೂ ವಿವಾಹ ಕಾಯ್ದೆಯ 7ನೇ ಕಲಂ ಪ್ರಕಾರ ಸಾಂಪ್ರದಾಯಿಕ ವಿಧಿ ನಡೆದಿರಬೇಕು. ನಡೆದಿಲ್ಲ ಅಂದ್ರೆ ಮದುವೆ ಸಿಂಧುವೇ ಅನ್ನೋ ಪ್ರಶ್ನೆ. ಆಸ್ತಿ ವಿವಾದ ಬಂದಾಗ ಹೆಂಡತಿ ಹೆಂಡತಿಯೇ ಅಲ್ಲ, ಮಕ್ಕಳು ವಾರಸುದಾರರೇ ಅಲ್ಲ ಅಂತ ವಾದ ಮಾಡೋದಕ್ಕೆ ಇಷ್ಟು ಸಾಕು. 1967ರಲ್ಲಿ ಅಣ್ಣಾದೊರೈ ಚುನಾವಣೆ ಗೆದ್ದು ಬಂದರು. ಅವರ ಸರ್ಕಾರ 7ಎ ಅಂತ ಹೊಸ ಕಲಂ ಸೇರಿಸಿ ಆ ಮದುವೆಗಳಿಗೆಲ್ಲ ಮಾನ್ಯತೆ ಕೊಟ್ಟಿತು. ಹಿಂದೆ ಆಗಿಹೋದ ಮದುವೆಗಳಿಗೂ ಸೇರಿಸಿ. ಓಟಿನಿಂದ ಬಂದ ಸರ್ಕಾರ, ಅದರ ಒಂದು ತಿದ್ದುಪಡಿ, ಸಾವಿರಾರು ಸಂಸಾರಗಳು ಕಾನೂನಿನ ಕಣ್ಣಲ್ಲಿ ಸಂಸಾರ ಆದವು.

ನಮ್ಮಲ್ಲೂ ಅದರ ಸೋದರ ಇದೆ. ಕುವೆಂಪು ರೂಪಿಸಿದ ಮಂತ್ರ ಮಾಂಗಲ್ಯ. ಮೂಡಿಗೆರೆಯವರಿಗೆ ಇದು ದೂರದ ಕತೆ ಅಲ್ಲ. ಅಲ್ಲೇ ತೋಟ ಮಾಡಿಕೊಂಡು ಬದುಕಿದ ಪೂರ್ಣಚಂದ್ರ ತೇಜಸ್ವಿ 1966ರಲ್ಲಿ ರಾಜೇಶ್ವರಿಯವರನ್ನು ಮದುವೆಯಾದದ್ದು ಹಾಗೇ. ಆದರೆ ತಮಿಳುನಾಡು ಮಾಡಿದಂಥ ತಿದ್ದುಪಡಿಯನ್ನು ಕರ್ನಾಟಕ ಮಾಡಿಲ್ಲ. ಕುವೆಂಪು ಹೆಸರಲ್ಲಿ ವಿಶ್ವವಿದ್ಯಾಲಯ ಮಾಡಿದೆವು, ಕುವೆಂಪು ಹೇಳಿದ ಮದುವೆಗೆ ಒಂದು ಕಲಂ ಸೇರಿಸಲಿಲ್ಲ. ಯಾವ ಪಕ್ಷವೂ ಸೇರಿಸಲಿಲ್ಲ.

ಇತ್ತೀಚಿನ ಉದಾಹರಣೆ ಬೇಕಾದರೆ ಉತ್ತರಾಖಂಡ. 2024ರಲ್ಲಿ ಆ ರಾಜ್ಯದ ವಿಧಾನಸಭೆ ಏಕರೂಪ ನಾಗರಿಕ ಸಂಹಿತೆ ಪಾಸು ಮಾಡಿತು, 2025ರ ಜನವರಿ 27ರಿಂದ ಜಾರಿಗೆ ಬಂತು. ಮದುವೆಯಾಗದೆ ಒಟ್ಟಿಗೆ ಇರುವವರೂ ನೋಂದಣಿ ಮಾಡಿಸಬೇಕು ಅಂತ ಅದರಲ್ಲಿದೆ. ಹಾಗೆ ಇರುವವರು ಅಂದ್ರೆ ಒಬ್ಬ ಗಂಡು, ಒಬ್ಬ ಹೆಣ್ಣು ಅಂತಲೂ ಬರೆದುಕೊಂಡಿದ್ದಾರೆ. ಆ ಕಾನೂನು ಒಳ್ಳೇದೋ ಕೆಟ್ಟದ್ದೋ ಅದು ಬೇರೆ ಚರ್ಚೆ. ಜೊತೆಯಾಗಿ ಬದುಕೋರು ಯಾರು ಅನ್ನೋದನ್ನು ಒಂದು ರಾಜ್ಯದ ಎಮ್ಮೆಲ್ಲೆಗಳು ಕೂತು ತೀರ್ಮಾನ ಮಾಡಬಹುದು ಅನ್ನೋದಂತೂ ಸಾಬೀತಾಯ್ತು.

ಈಗ ನಂಬಿಕೆಯ ವಿಷಯಕ್ಕೆ ಬರೋಣ. ಇಲ್ಲಿ ನಮ್ಮ ಸ್ಟುಡಿಯೋಗಳು ಮಾಡೋ ತಪ್ಪು ನನಗೆ ಗೊತ್ತು. ಒಂದು ಕಡೆ ಒಬ್ಬ ಸ್ವಾಮೀಜಿ, ಇನ್ನೊಂದು ಕಡೆ ಒಬ್ಬ ಹೋರಾಟಗಾರರು, ನಡುವೆ ಆಂಕರ್, ಒಂದು ಗಂಟೆ ಕೂಗಾಟ. ಸ್ವಾಮೀಜಿ ಮನುಸ್ಮೃತಿ ಅಂತಾರೆ, ಇವರು ಅರ್ಧನಾರೀಶ್ವರ ಅಂತಾರೆ. ಪುರಾಣದಿಂದ ವಾದ ಗೆಲ್ಲೋಕೆ ಹೊರಟರೆ ಎರಡೂ ಕಡೆಗೂ ಸರಕು ಸಿಗುತ್ತೆ. 2023ರ ಜನವರಿಯಲ್ಲಿ ಆರೆಸ್ಸೆಸ್ ಮುಖ್ಯಸ್ಥ ಮೋಹನ್ ಭಾಗವತ್ ಅವರೇ ಜರಾಸಂಧನ ಸೇನಾಪತಿಗಳಾದ ಹಂಸ-ಡಿಂಭಕರ ಕತೆ ಹೇಳಿ, ಇಂಥವರು ಸಮಾಜದಲ್ಲಿ ಹಿಂದಿನಿಂದಲೂ ಇದ್ದಾರೆ ಅಂದಿದ್ದರು. ಎರಡು ತಿಂಗಳ ನಂತರ ಅದೇ ಸಂಘಟನೆಯ ಸರಕಾರ್ಯವಾಹ ದತ್ತಾತ್ರೇಯ ಹೊಸಬಾಳೆ, ನಮ್ಮ ಸೊರಬದವರು, ಮದುವೆ ಅನ್ನೋದು ಸಂಸ್ಕಾರ, ಅದು ಗಂಡು-ಹೆಣ್ಣಿನ ನಡುವೆ ಮಾತ್ರ ಅಂದರು. ಜಮಿಯತ್ ಉಲಮಾ-ಇ-ಹಿಂದ್ ಕೂಡ ಅರ್ಜಿಗಳನ್ನು ವಿರೋಧಿಸಿ ಕೋರ್ಟಿಗೆ ಹೋಯ್ತು. ಅದಕ್ಕಿಂತ ಮುಂಚೆ 377ನೇ ಕಲಂ ಕೇಸಿನಲ್ಲಿ ಒಬ್ಬ ಜ್ಯೋತಿಷಿ, ಮುಸ್ಲಿಂ ವೈಯಕ್ತಿಕ ಕಾನೂನು ಮಂಡಳಿ, ಹಲವು ಕ್ರೈಸ್ತ ಸಂಘಟನೆಗಳು ಒಂದೇ ಕಡೆ ನಿಂತಿದ್ದವು. ಬಾಬಾಬುಡನ್‌ಗಿರಿಯಲ್ಲಿ ಒಂದು ಜಗುಲಿಯಲ್ಲಿ ಕೂರದವರು ಈ ವಿಷಯದಲ್ಲಿ ಒಂದೇ ಬೆಂಚಿನಲ್ಲಿ ಕೂರ್ತಾರೆ. ತಮಾಷೆಗೆ ಹೇಳ್ತಾ ಇಲ್ಲ. ಅಷ್ಟು ಗಟ್ಟಿ ನಂಬಿಕೆ ಅದು, ಅದನ್ನು ಹಗುರವಾಗಿ ತಗೋಬಾರದು.

ಹೊಸಬಾಳೆಯವರ ಮಾತನ್ನೇ ತಗೊಳ್ಳೋಣ: ಮದುವೆ ಸಂಸ್ಕಾರ. ಸರಿ, ಒಪ್ಪೋಣ. ಮಲೆನಾಡಿನ ಒಂದು ಮದುವೆಯಲ್ಲಿ ಧಾರೆ ಎರೆಯುವ ಹೊತ್ತಿನಲ್ಲಿ ಅಜ್ಜಿಯರ ಕಣ್ಣು ಒದ್ದೆಯಾಗುತ್ತಲ್ಲ, ಅದು ಸರ್ಕಾರದ ಸೀಲು ನೋಡಿ ಅಲ್ಲ. ಚರ್ಚಿನಲ್ಲಿ ಮದುವೆಯಾಗುವ ಕೊಂಕಣಿ ಕ್ರೈಸ್ತರಿಗೂ ಅದು ಸಂಸ್ಕಾರವೇ. ಮುಸ್ಲಿಮರ ನಿಕಾಹ್ ಒಂದು ಕರಾರು, ಆದರೂ ದೇವರ ಹೆಸರಲ್ಲೇ ಆಗೋದು. ಯಾವ ಕಾನೂನು ಬಂದರೂ ಯಾವ ಪುರೋಹಿತರಿಗೂ, ಪಾದ್ರಿಗೂ, ಖಾಜಿಗೂ ಇಂಥವರ ಮದುವೆ ಮಾಡಿಸಲೇಬೇಕು ಅಂತ ಹೇಳೋಕಾಗಲ್ಲ, ಹೇಳಬಾರದು. ಕೋರ್ಟಿನ ಮುಂದೆ ಇದ್ದದ್ದೂ ವಿಶೇಷ ವಿವಾಹ ಕಾಯ್ದೆ, ದೇವಸ್ಥಾನದ ಮದುವೆ ಅಲ್ಲ. ಕ್ಯಾಥೊಲಿಕ್ ಚರ್ಚನ್ನೇ ನೋಡಿ. 2023ರ ಡಿಸೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಒಪ್ಪಿಗೆಯಿಂದ ವ್ಯಾಟಿಕನ್ ಒಂದು ಪ್ರಕಟಣೆ ಹೊರಡಿಸಿತು. ಮದುವೆಯ ವ್ಯಾಖ್ಯೆ ಬದಲಾಗಲ್ಲ, ಅದು ಗಂಡು-ಹೆಣ್ಣಿನದೇ. ಆದರೆ ಸಲಿಂಗ ಜೋಡಿಗಳು ಬಂದು ಆಶೀರ್ವಾದ ಕೇಳಿದರೆ ಪಾದ್ರಿ ಆಶೀರ್ವದಿಸಬಹುದು. ಒಂದು ಧರ್ಮಪೀಠವೇ ಸಂಸ್ಕಾರವನ್ನೂ ಕರುಣೆಯನ್ನೂ ಬೇರೆ ಬೇರೆ ಸಾಲಿನಲ್ಲಿ ಬರೆಯಿತು.

ನಾನು ಇಂಜಿನಿಯರಿಂಗ್ ಓದಿದವನು. ಎರಡು ವ್ಯವಸ್ಥೆಗಳನ್ನು ಒಂದೇ ವೈರಿನಲ್ಲಿ ಕಟ್ಟಿದರೆ ಒಂದು ಕಡೆ ಫ್ಯೂಸ್ ಹೋದರೆ ಎರಡೂ ಕಡೆ ಕತ್ತಲೆ ಅನ್ನೋದು ಮೊದಲ ವರ್ಷದ ಪಾಠ. ಮದುವೆ ಅನ್ನೋ ಒಂದೇ ಪದದ ಮೇಲೆ ನಾವು ಎರಡು ಲೋಡ್ ಹಾಕಿದ್ದೀವಿ. ಒಂದು, ದೇವರ ಮುಂದೆ ಆಗೋ ಸಂಸ್ಕಾರ. ಇನ್ನೊಂದು, ಕಚೇರಿಯ ಫಾರಂಗಳಲ್ಲಿ ತುಂಬೋ ಕಾಲಂ. ನಂಬಿಕೆ ಇರೋದು ಮೊದಲನೆಯದರ ಬಗ್ಗೆ. ಕಷ್ಟ ಇರೋದು ಎರಡನೆಯದರಲ್ಲಿ.

ಆ ಕಾಲಂ ಅಂದರೆ ಏನು? ಒಂದು ಕಲ್ಪನೆ ಮಾಡಿಕೊಳ್ಳಿ. ಕೊಟ್ಟಿಗೆಹಾರದ ಹತ್ತಿರ ಒಂದು ಕಾಫಿ ತೋಟ. ಅಲ್ಲಿ ರೈಟರ್ ಕೆಲಸ ಮಾಡೋ ಒಬ್ಬ, ಅವನ ಜೊತೆ ಹದಿನೈದು ವರ್ಷದಿಂದ ಒಂದೇ ಮನೆಯಲ್ಲಿರೋ ಇನ್ನೊಬ್ಬ. ಊರಿಗೆ ಗೊತ್ತು, ಗೊತ್ತಿಲ್ಲ. "ಅವನ ಜೊತೆಗಾರ" ಅಂತಾರೆ, ಅಷ್ಟಕ್ಕೆ ಬಿಡ್ತಾರೆ. ಮಲೆನಾಡಿನಲ್ಲಿ ತೋಟದಿಂದ ತೋಟಕ್ಕೆ ಮೈಲಿ ದೂರ, ಯಾರೂ ಯಾರ ಬಾಗಿಲನ್ನೂ ತಟ್ಟಿ ಕೇಳಲ್ಲ. ಬದುಕು ನಡೀತಾ ಇರುತ್ತೆ. ಸಮಸ್ಯೆ ಬರೋದು ಫಾರಂ ಕೈಗೆ ಬಂದಾಗ.

ಮೊದಲು ಪಿಎಫ್. 1952ರ ಪಿಎಫ್ ಯೋಜನೆಯಲ್ಲಿ ನಾಮಿನಿ ಬಗ್ಗೆ ಒಂದು ನಿಯಮ ಇದೆ, ಅದು ಬಹಳ ಜನರಿಗೆ ಗೊತ್ತಿಲ್ಲ. ಚಂದಾದಾರನಿಗೆ ಕುಟುಂಬ ಇದ್ದರೆ ನಾಮಿನಿ ಕುಟುಂಬದವರೇ ಆಗಿರಬೇಕು. ಕುಟುಂಬ ಅಂದ್ರೆ ಹೆಂಡತಿ ಅಥವಾ ಗಂಡ, ಮಕ್ಕಳು, ಅವಲಂಬಿತ ತಂದೆತಾಯಿ. ಈ ರೈಟರ್‌ಗೆ ವಯಸ್ಸಾದ ತಾಯಿ ಇದ್ದಾರೆ ಅಂದುಕೊಳ್ಳಿ. ಅವನು ಜೊತೆಗಾರನ ಹೆಸರು ಬರೆದರೆ ಆ ನಾಮಿನೇಷನ್ನೇ ಅಸಿಂಧು. ತಾಯಿ ತೀರಿಕೊಂಡ ಮೇಲೆ, ಕುಟುಂಬವೇ ಇಲ್ಲ ಅಂತಾದ ಮೇಲೆ, ಯಾರ ಹೆಸರನ್ನಾದರೂ ಬರೀಬಹುದು. ಅಂದ್ರೆ ಅವನು ಕಾಗದದ ಮೇಲೆ ಒಂಟಿಯಾದ ದಿನವೇ ಅವನ ಸಂಗಾತಿಗೆ ಜಾಗ. ಇನ್ನು ತೋಟದ ಮನೆ ಕೊಡೋದು ಕೆಲಸಗಾರನಿಗೆ ಮತ್ತು ಅವನ ಕುಟುಂಬಕ್ಕೆ. ಅವನು ಹೋದ ಮೇಲೆ ಜೊತೆಗಾರ ಆ ಮನೆಯಲ್ಲಿ ಯಾರು? ಯಾರೂ ಅಲ್ಲ.

ಆಮೇಲೆ ಆಸ್ಪತ್ರೆ. ರಾತ್ರಿ ಎದೆನೋವು ಅಂದ್ರೆ ಚಾರ್ಮಾಡಿ ಘಾಟಿ ಇಳಿಸಿ ಉಜಿರೆ, ಮಂಗಳೂರು ಕಡೆ ಓಡಬೇಕು. ಆ ಮಳೆಯಲ್ಲಿ, ಆ ತಿರುವುಗಳಲ್ಲಿ ಗಾಡಿ ಓಡಿಸಿದವನು ಜೊತೆಗಾರ. ಐಸಿಯು ಬಾಗಿಲಲ್ಲಿ ಕೇಳೋ ಮೊದಲ ಪ್ರಶ್ನೆ: "ಪೇಷಂಟಿಗೆ ನೀವು ಏನಾಗಬೇಕು?" ಕನ್ನಡದಲ್ಲಿ ಈ ಪ್ರಶ್ನೆಗೆ ಅಣ್ಣ, ಭಾವ, ಸೋದರಮಾವ, ಷಡ್ಡಕ ಅಂತ ಎಷ್ಟು ಉತ್ತರ ಇದೆ ನೋಡಿ. ಅವನ ಹತ್ತಿರ ಒಂದೂ ಇಲ್ಲ. "ಫ್ರೆಂಡ್" ಅಂತಾನೆ. "ಮನೆಯವರನ್ನು ಕರೆಸಿ" ಅಂತಾರೆ.

ಕೊನೆಗೆ ವಂಶವೃಕ್ಷ. ಮೂಡಿಗೆರೆ, ಕಳಸದ ಜನಕ್ಕೆ ಈ ಕಾಗದದ ಬಗ್ಗೆ ನಾನು ಹೇಳಬೇಕಿಲ್ಲ. ಪೌತಿ ಖಾತೆ ಆಗಬೇಕಾ, ನಾಡಕಚೇರಿಯಿಂದ ವಂಶವೃಕ್ಷ ತನ್ನಿ. ಆ ವೃಕ್ಷದಲ್ಲಿ ಕೊಂಬೆ ಹುಟ್ಟೋದು ಎರಡೇ ರೀತಿ, ರಕ್ತದಿಂದ ಅಥವಾ ಮದುವೆಯಿಂದ. ದತ್ತು ತಗೊಂಡರೆ ಅದೂ ಸೇರುತ್ತೆ. ಈ ರೈಟರ್ ಉಳಿಸಿದ ದುಡ್ಡಲ್ಲಿ ಒಂದೆಕರೆ ತೋಟ ಮಾಡಿದ್ದ ಅಂತಿಟ್ಟುಕೊಳ್ಳಿ, ವಿಲ್ ಬರೆದಿಲ್ಲ. ಹಿಂದೂ ಉತ್ತರಾಧಿಕಾರ ಕಾಯ್ದೆಯ ಪ್ರಕಾರ ಅದು ಮೊದಲ ದರ್ಜೆಯ ವಾರಸುದಾರರಿಗೆ. ಅವರಿಲ್ಲದಿದ್ದರೆ ಎರಡನೇ ದರ್ಜೆಗೆ. ಅವರೂ ಇಲ್ಲದಿದ್ದರೆ ತಂದೆ ಕಡೆಯ ದೂರದ ನೆಂಟರು. ಅವರೂ ಇಲ್ಲ ಅಂದ್ರೆ ತಾಯಿ ಕಡೆಯ ದೂರದ ನೆಂಟರು. ಮುಖವನ್ನೇ ನೋಡದ ನಾಲ್ಕನೇ ತಲೆಮಾರಿನ ದಾಯಾದಿ ಇದ್ದರೂ ಅವನಿಗೆ ಹೋಗುತ್ತೆ. ಯಾರೂ ಸಿಗಲಿಲ್ಲ ಅಂದ್ರೆ? ಸರ್ಕಾರಕ್ಕೆ. ಹದಿನೈದು ವರ್ಷ ಆ ಗಿಡಗಳಿಗೆ ಗೊಬ್ಬರ ಹಾಕಿದವನ ಹೆಸರು ಆ ಸಾಲಿನಲ್ಲಿ ಸರ್ಕಾರಕ್ಕಿಂತ ಹಿಂದೆ ಕೂಡ ಇಲ್ಲ. ಎಲ್ಲೂ ಇಲ್ಲ.

ವಿಲ್ ಬರೆದಿಡಬಹುದಲ್ಲ? ಖಂಡಿತ ಬರೀಬಹುದು, ಬರೀಲೇಬೇಕು. ನನಗೆ ಯಾರಾದರೂ ಕೇಳಿದರೆ ಮೊದಲು ಹೇಳೋದೇ ಅದು. ಆದರೆ ಯೋಚನೆ ಮಾಡಿ, ನಮ್ಮಲ್ಲಿ ಎಷ್ಟು ಗಂಡಂದಿರು ವಿಲ್ ಬರೆದಿದ್ದಾರೆ? ಬರೆಯದಿದ್ದರೂ ಹೆಂಡತಿಗೆ ಸಿಗುತ್ತೆ ಅನ್ನೋ ಧೈರ್ಯ. ಆ ಧೈರ್ಯದ ಹೆಸರೇ ಕಾನೂನಿನ ಮಾನ್ಯತೆ.

ಸರ್ಕಾರ ಏನೂ ಮಾಡಿಲ್ಲ ಅಂತ ಹೇಳಿದರೆ ತಪ್ಪಾಗುತ್ತೆ. ಕೋರ್ಟಿಗೆ ಕೊಟ್ಟ ಮಾತಿನಂತೆ ಸಂಪುಟ ಕಾರ್ಯದರ್ಶಿ ಅಧ್ಯಕ್ಷತೆಯಲ್ಲಿ 2024ರ ಏಪ್ರಿಲ್‌ನಲ್ಲಿ ಸಮಿತಿ ಮಾಡಿದರು. ಆಗಸ್ಟ್‌ನಲ್ಲಿ ಕೆಲವು ಸ್ಪಷ್ಟನೆ ಬಂದವು. ಜಂಟಿ ಬ್ಯಾಂಕ್ ಖಾತೆ ತೆರೆಯೋಕೆ, ಖಾತೆಗೆ ಸಂಗಾತಿಯನ್ನು ನಾಮಿನಿ ಮಾಡೋಕೆ ಅಡ್ಡಿ ಇಲ್ಲ. ರೇಷನ್ ಕಾರ್ಡ್ ವಿಷಯದಲ್ಲಿ ಸಂಗಾತಿಗಳನ್ನು ಒಂದೇ ಮನೆಯವರು ಅಂತ ಪರಿಗಣಿಸಿ ಅಂತ ರಾಜ್ಯಗಳಿಗೆ ಪತ್ರ. ಸಂಗಾತಿ ಸತ್ತರೆ, ಹತ್ತಿರದ ಸಂಬಂಧಿಕರು ಇಲ್ಲದ ಸಂದರ್ಭದಲ್ಲಿ, ಶವವನ್ನು ಪಡೆಯಬಹುದು ಅಂತ ಆರೋಗ್ಯ ಇಲಾಖೆಯ ಪತ್ರ. "ಸಂಬಂಧಿಕರು ಇಲ್ಲದ ಸಂದರ್ಭದಲ್ಲಿ". ಮತ್ತೆ ಅದೇ. ಇವು ಪತ್ರಗಳು, ಕಾಯ್ದೆ ಅಲ್ಲ. ಇನ್ನೊಬ್ಬ ಅಧಿಕಾರಿ ಬಂದು ಇನ್ನೊಂದು ಪತ್ರ ಬರೀಬಹುದು. ಮದ್ರಾಸ್ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಒಂದು ಪ್ರಕರಣದಲ್ಲಿ, ಮದುವೆ ಒಂದೇ ಕುಟುಂಬ ಕಟ್ಟೋ ದಾರಿ ಅಲ್ಲ, ಸಲಿಂಗ ಜೋಡಿಯೂ ಕುಟುಂಬ ಆಗಬಹುದು ಅಂತ ಹೇಳಿದೆ. ಒಳ್ಳೆಯ ಮಾತು. ಆದರೆ ನಾಡಕಚೇರಿಯ ಕಂಪ್ಯೂಟರಿನಲ್ಲಿ ಅದಕ್ಕೆ ಕಾಲಂ ಇಲ್ಲ.

ರೇಷನ್ ಕಾರ್ಡ್ ಚಿಕ್ಕ ವಿಷಯ ಅಂದುಕೊಳ್ಳಬೇಡಿ. ಕರ್ನಾಟಕದಲ್ಲಿ ಅನ್ನಭಾಗ್ಯದ ಅಕ್ಕಿಯೂ ಆ ಕಾರ್ಡಿನ ಮೇಲೆ, ಗೃಹಲಕ್ಷ್ಮಿಯ ತಿಂಗಳ 2000 ರೂಪಾಯಿಯೂ ಆ ಕಾರ್ಡಿನ ಯಜಮಾನಿ ಯಾರು ಅನ್ನೋದರ ಮೇಲೆ. ಕಳಸದಿಂದ ಸ್ವಲ್ಪ ದೂರ ಹೋದರೆ ಹೊರನಾಡು. ಅನ್ನಪೂರ್ಣೇಶ್ವರಿಯ ಸನ್ನಿಧಿಯಲ್ಲಿ ಊಟದ ಪಂಕ್ತಿಗೆ ಕೂತವರನ್ನು "ನಿಮ್ಮಿಬ್ಬರಿಗೂ ಏನು ಸಂಬಂಧ" ಅಂತ ಕೇಳಿ ಎಲೆ ಹಾಕಲ್ಲ. ಕಾರ್ಡಿನ ಫಾರಂ ಕೇಳುತ್ತೆ.

ಕುಟುಂಬ ಅಂದ್ರೆ ಏನು ಅನ್ನೋದು ಅನಾದಿಯಿಂದ ಒಂದೇ ರೀತಿ ಇದೆ, ಅದನ್ನು ಮುಟ್ಟಬಾರದು ಅನ್ನೋರಿಗೆ ನಾನು ಕಳಸದ ಚರಿತ್ರೆಯನ್ನೇ ತೋರಿಸ್ತೀನಿ. ಕಳಸ-ಕಾರ್ಕಳ ಆಳಿದ ಭೈರರಸರು ಜೈನರು, ಕಳಸೇಶ್ವರನಿಗೂ ನಡೆದುಕೊಂಡವರು. ಅವರಲ್ಲಿ ಅಳಿಯಸಂತಾನ. ರಾಜನ ಮಗ ರಾಜ ಅಲ್ಲ, ತಂಗಿಯ ಮಗ ರಾಜ. ಘಟ್ಟ ಇಳಿದರೆ ತುಳುನಾಡಿನಲ್ಲಿ ಬಂಟರು, ಬಿಲ್ಲವರು, ಜೈನರಲ್ಲಿ ಇದು ಮೊನ್ನೆ ಮೊನ್ನೆವರೆಗೂ ಕಾನೂನು. ಹೆಂಡತಿ ಮಕ್ಕಳು ಗಂಡನ ಕುಟುಂಬದವರೇ ಅಲ್ಲ, ಅವರು ಅವಳ ತಾಯಿ ಮನೆಯವರು. ಘಟ್ಟದ ಮೇಲೆ ಕುಟುಂಬ ಅಂದರೆ ಅಪ್ಪನ ಕಡೆ, ಘಟ್ಟದ ಕೆಳಗೆ ಅಮ್ಮನ ಕಡೆ. ಎರಡೂ ಕಡೆ ದೇವರಿದ್ದ, ದೈವ ಇತ್ತು, ಭಕ್ತಿ ಇತ್ತು. 1949ರ ಮದ್ರಾಸ್ ಅಳಿಯಸಂತಾನ ಕಾಯ್ದೆ ಅದನ್ನು ಬದಲಿಸಿತು, 1956ರ ಉತ್ತರಾಧಿಕಾರ ಕಾಯ್ದೆ ಇನ್ನಷ್ಟು ಬದಲಿಸಿತು. ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳ ಸಮ ಪಾಲು ಅಂತ ಕರ್ನಾಟಕವೇ ರಾಜ್ಯ ಮಟ್ಟದಲ್ಲಿ ತಿದ್ದುಪಡಿ ಮಾಡಿ 1994ರಲ್ಲಿ ಜಾರಿಗೆ ತಂತು, ಇಡೀ ದೇಶಕ್ಕೆ ಅದು ಬಂದದ್ದು 2005ರಲ್ಲಿ.

ಇದಕ್ಕೆಲ್ಲ ಧರ್ಮದ ಹೆಸರಲ್ಲಿ ವಿರೋಧ ಇರಲಿಲ್ವಾ? ಜೋರಾಗೇ ಇತ್ತು. ಹಿಂದೂ ಸಂಹಿತೆ ಮಸೂದೆ ಮುಂದಕ್ಕೆ ಹೋಗಲಿಲ್ಲ ಅಂತ ಅಂಬೇಡ್ಕರ್ 1951ರಲ್ಲಿ ಮಂತ್ರಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ನಂತರದ ಮೊದಲ ಮಹಾ ಚುನಾವಣೆಯಲ್ಲಿ ಅಲಹಾಬಾದ್ ಕಡೆ ನೆಹರೂ ವಿರುದ್ಧ ಪ್ರಭುದತ್ತ ಬ್ರಹ್ಮಚಾರಿ ಅನ್ನೋ ಸನ್ಯಾಸಿ ನಿಂತರು. ಅವರ ಮುಖ್ಯ ವಿಷಯವೇ ಹಿಂದೂ ಸಂಹಿತೆ ಬೇಡ ಅನ್ನೋದು. ಆಸ್ತಿಕರೇ ತುಂಬಿದ್ದ ಆ ಕ್ಷೇತ್ರದ ಜನ, ಪ್ರಯಾಗದಲ್ಲಿ ಮುಳುಗು ಹಾಕೋ ಜನ, ನೆಹರೂ ಅವರನ್ನು ಭಾರಿ ಅಂತರದಿಂದ ಗೆಲ್ಲಿಸಿದರು. 1955ರಲ್ಲಿ ಹಿಂದೂ ವಿವಾಹ ಕಾಯ್ದೆ ಬಂತು. ಮದುವೆಯ ಕಾನೂನನ್ನೇ ಎದುರಿಗಿಟ್ಟು ಒಂದು ಕ್ಷೇತ್ರ ಓಟು ಹಾಕಿದ್ದಕ್ಕೆ ನಮ್ಮಲ್ಲಿ ಇದಕ್ಕಿಂತ ನೇರ ಉದಾಹರಣೆ ನನಗೆ ಕಾಣಿಸಲ್ಲ. ಅವತ್ತು ಆ ಮತದಾರರು ಗಂಗೆಯನ್ನೂ ಬಿಡಲಿಲ್ಲ, ಕಾನೂನನ್ನೂ ತಡೆಯಲಿಲ್ಲ.

ಬೇರೆ ದೇಶಗಳಲ್ಲಿ ಈ ಪ್ರಶ್ನೆಯನ್ನು ನೇರವಾಗಿ ಜನರ ಮುಂದೆ ಇಟ್ಟಿದ್ದಾರೆ. ಒಂದೇ ದಿನದ ಒಂದು ಜೋಡಿ ಫಲಿತಾಂಶ ನನಗೆ ಬಹಳ ಕುತೂಹಲ ಹುಟ್ಟಿಸಿತು. 2009ರ ನವೆಂಬರ್ 3. ಅಮೆರಿಕದ ಪೂರ್ವ ತುದಿಯ ಮೇನ್ ರಾಜ್ಯದಲ್ಲಿ ಸಲಿಂಗ ವಿವಾಹದ ಕಾನೂನು ಬೇಕಾ ಅಂತ ಕೇಳಿದರು. ಸುಮಾರು ಶೇಕಡ 53 ಜನ ಬೇಡ ಅಂದರು. ಅದೇ ದಿನ ಪಶ್ಚಿಮ ತುದಿಯ ವಾಷಿಂಗ್ಟನ್ ರಾಜ್ಯದಲ್ಲಿ ಮದುವೆ ಅನ್ನೋ ಪದ ಬಿಟ್ಟು, ಒಟ್ಟಿಗೆ ಬದುಕೋ ಸಂಗಾತಿಗಳಿಗೆ ಗಂಡ-ಹೆಂಡತಿಗೆ ಸಿಗೋ ರಾಜ್ಯದ ಹಕ್ಕುಗಳನ್ನೆಲ್ಲ ಕೊಡಬಹುದಾ ಅಂತ ಕೇಳಿದರು. ಸುಮಾರು ಶೇಕಡ 53 ಜನ ಕೊಡಿ ಅಂದರು. ಪದ ಬದಲಾದ ಕಡೆ ಉತ್ತರವೂ ಬದಲಾಯ್ತು. ಮೂರು ವರ್ಷ ಬಿಟ್ಟು, 2012ರಲ್ಲಿ, ಮತ್ತೆ ಒಂದೇ ದಿನ ಎರಡೂ ರಾಜ್ಯಗಳು ಮದುವೆಗೂ ಹೌದು ಅಂದವು.

ತೈವಾನ್ ಇನ್ನೂ ನಮಗೆ ಹತ್ತಿರ. 2018ರ ಜನಮತ ಸಂಗ್ರಹದಲ್ಲಿ, ಮೂಲ ಸಿವಿಲ್ ಕೋಡಿನಲ್ಲಿ ಮದುವೆ ಗಂಡು-ಹೆಣ್ಣಿನದೇ ಇರಲಿ ಅಂತ ಜನ ದೊಡ್ಡ ಬಹುಮತದಿಂದ ಹೇಳಿದರು. ಅದೇ ಮತಪೆಟ್ಟಿಗೆಯಲ್ಲಿ, ಒಟ್ಟಿಗೆ ಬದುಕೋರ ಹಕ್ಕನ್ನು ಬೇರೆ ಕಾನೂನಿನಲ್ಲಿ ಕಾಪಾಡಿ ಅಂತಲೂ ಹೇಳಿದರು. ಸಾಂವಿಧಾನಿಕ ನ್ಯಾಯಾಲಯ ಕೊಟ್ಟ ಗಡುವು ಮುಗಿಯೋ ಮುಂಚೆ, 2019ರ ಮೇ 17ರಂದು, ಪಾರ್ಲಿಮೆಂಟ್ ಪ್ರತ್ಯೇಕ ಕಾಯ್ದೆ ಮಾಡಿತು. ಏಷ್ಯಾದಲ್ಲೇ ಮೊದಲು. ಐರ್ಲೆಂಡ್ ಕಟ್ಟಾ ಕ್ಯಾಥೊಲಿಕ್ ದೇಶ. ಅಲ್ಲಿ 2010ರಲ್ಲಿ ಸಂಗಾತಿ ಕಾಯ್ದೆ ಮಾಡಿದರು, 2015ರ ಮೇ 22ರಂದು ಮದುವೆಯ ಬಗ್ಗೆ ಜನಮತ ಕೇಳಿದರು, ಶೇಕಡ 62 ಹೌದು. 43 ಕ್ಷೇತ್ರಗಳಲ್ಲಿ ಒಂದೇ ಒಂದು ಬೇಡ ಅಂತು.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಕೆಲವೇ ಜನರ ಹಕ್ಕನ್ನು ಎಲ್ಲರೂ ಸೇರಿ ಓಟಿಗೆ ಹಾಕೋದು ನನಗೆ ಸರಿ ಅನ್ನಿಸಲ್ಲ. ಹಿಂದೆ ಈ ದೇಶದಲ್ಲಿ ದಲಿತರ ದೇವಸ್ಥಾನ ಪ್ರವೇಶವನ್ನು ಊರಿನ ಓಟಿಗೆ ಹಾಕಿದ್ದರೆ ಎಷ್ಟು ಊರಲ್ಲಿ ಬಾಗಿಲು ತೆರೀತಾ ಇತ್ತು? ನಮ್ಮಲ್ಲಿ ಜನಮತ ಸಂಗ್ರಹದ ಪದ್ಧತಿ ಇಲ್ಲ, ಇಲ್ಲದಿರೋದೇ ಒಳ್ಳೇದು. ಅರ್ಜಿದಾರರ ಇನ್ನೊಂದು ಮಾತಿಗೂ ತೂಕ ಇದೆ. ಮದುವೆ ಬೇಡ, ಹಕ್ಕು ಮಾತ್ರ ತಗೊಳ್ಳಿ ಅಂದ್ರೆ ಹಿಂದಿನ ಬಾಗಿಲಿಂದ ಬನ್ನಿ ಅಂದ ಹಾಗೆ ಅಲ್ವಾ ಅಂತ ಅವರು ಕೇಳ್ತಾರೆ. ಹೌದು, ಹಾಗೇ ಕೇಳಿಸುತ್ತೆ. ಅವರು ಪೂರ್ತಿ ಕೇಳೋದನ್ನು ನಿಲ್ಲಿಸಬೇಕು ಅಂತ ನಾನು ಹೇಳ್ತಾ ಇಲ್ಲ. ಆದರೆ ಐಸಿಯು ಬಾಗಿಲಲ್ಲಿ ನಿಂತವನಿಗೆ ಮುಂದಿನ ಬಾಗಿಲು ತೆರೆಯೋವರೆಗೆ ಕಾಯಿ ಅನ್ನೋದೂ ಕ್ರೂರ.

ಹಾಗಾಗಿ ಭಕ್ತಿ ಇರೋ ಮತದಾರನಿಗೆ ನನ್ನ ಪ್ರಶ್ನೆ ಬಹಳ ಸಣ್ಣದು. ನಿಮ್ಮ ಮನೆಯ ಮದುವೆ ಹೇಗೆ ಆಗಬೇಕು ಅನ್ನೋದನ್ನು ಯಾರೂ ಕೇಳ್ತಾ ಇಲ್ಲ. ಪಕ್ಕದ ತೋಟದ ಆ ಇಬ್ಬರಲ್ಲಿ ಒಬ್ಬ ಸತ್ತರೆ ಇನ್ನೊಬ್ಬನನ್ನು ಮನೆಯಿಂದ ಹೊರಗೆ ಹಾಕಬೇಕಾ, ಬೇಡವಾ? ಪಿಎಫ್ ಫಾರಂನಲ್ಲಿ ಅವನ ಹೆಸರು ಬರೆಯೋಕೆ ಬಿಡಬೇಕಾ, ಬೇಡವಾ? ಇದಕ್ಕೆ ಯಾವ ದೇವರ ಅಡ್ಡಿ ಇದೆ? ಹಾಗೆ ಯೋಚಿಸಿದ ಮೇಲೂ ನಿಮ್ಮ ಉತ್ತರ "ಬೇಡ" ಅಂತಿದ್ದರೆ, ಅದು ನಿಮ್ಮ ಹಕ್ಕು. ಆದರೆ ಪ್ರಶ್ನೆ ಯಾವುದು ಅಂತ ಗೊತ್ತಿದ್ದು ಹೇಳಿದ ಉತ್ತರ ಆಗಿರಲಿ.

ಜಿಲ್ಲಾ ಪಂಚಾಯಿತಿ ಚುನಾವಣೆ ಬರುತ್ತೆ ಬರುತ್ತೆ ಅಂತ 2021ರಿಂದ ಕಾಯ್ತಾ ಇದ್ದೀವಿ, ಅದು ಯಾವಾಗ ಬರುತ್ತೋ. ವಿಧಾನಸಭೆಯದ್ದಂತೂ 2028ರಲ್ಲಿ ಬಂದೇ ಬರುತ್ತೆ. ಅಭ್ಯರ್ಥಿಗಳು ಜೀಪಿನಲ್ಲಿ ತೋಟದ ರಸ್ತೆ ಹತ್ತಿ ಬರ್ತಾರೆ, ಅಂಗಳದಲ್ಲಿ ಕಾಫಿ ಕುಡೀತಾರೆ. ಆನೆ ಕಾಟ, ಒತ್ತುವರಿ, ರಸ್ತೆ, ನೆಟ್‌ವರ್ಕ್ ಎಲ್ಲ ಕೇಳಿ, ಕೇಳಲೇಬೇಕು. ಲೋಟ ಕೆಳಗಿಡೋ ಮುಂಚೆ ಇನ್ನೊಂದು ಕೇಳಿ ನೋಡಿ: "ಸ್ವಾಮಿ, ವಂಶವೃಕ್ಷದ ಫಾರಂನಲ್ಲಿ ಒಂದು ಕಾಲಂ ಸೇರಿಸೋ ಬಗ್ಗೆ ನಿಮ್ಮ ಅಭಿಪ್ರಾಯ ಏನು?" ಅವರು ಯಾವ ಕಾಲಂ ಅಂತ ಕೇಳ್ತಾರೆ. ಆಗ ಹೇಳಿ.